ನಿಮ್ಮ ಊರಿನ ಮೇಲಿನ ಓಝೋನ್ ಮತ್ತು ದೂಳು: ಉಪಗ್ರಹದ ನಕ್ಷೆಯನ್ನು ಓದುವ ಕ್ರಮ

ವಾತಾವರಣದ ಓಝೋನಿನ ಪ್ರಮಾಣವನ್ನೂ ಗಾಳಿಯಲ್ಲಿ ತೇಲುವ ಹೊಗೆ, ದೂಳು, ಉಪ್ಪಿನ ಕಣಗಳ ಪ್ರಮಾಣವನ್ನೂ ಉಪಗ್ರಹಗಳು ದಿನವೂ ಅಳೆಯುತ್ತವೆ, ಆ ಅಳತೆಯ ನಕ್ಷೆಗಳು ಯಾರಿಗೆ ಬೇಕಾದರೂ ಉಚಿತವಾಗಿ ಸಿಗುತ್ತವೆ. ವಿಜ್ಞಾನ ಶಿಕ್ಷಕರು, ಪರಿಸರದ ಬಗ್ಗೆ ಬರೆಯುವವರು, ಪ್ರಾಜೆಕ್ಟ್ ಒಪ್ಪಿಸಬೇಕಾದ ವಿದ್ಯಾರ್ಥಿಗಳು ಇವನ್ನು ತೆರೆದು ನೋಡುತ್ತಾರೆ. ಕೆಂಪು ಬಣ್ಣ ಕಂಡರೆ ವಿಷಗಾಳಿ ಎಂದೂ ಬಣ್ಣವೇ ಇಲ್ಲದಿದ್ದರೆ ಶುದ್ಧ ಗಾಳಿ ಎಂದೂ ತೀರ್ಮಾನಿಸಿ ಮುಂದೆ ಹೋಗುತ್ತಾರೆ. ಈ ತಪ್ಪನ್ನು ನಾನೂ ಮಾಡಿದ್ದೇನೆ. ಜುಲೈ ತಿಂಗಳ ಒಂದು ನಕ್ಷೆಯಲ್ಲಿ ಆಗುಂಬೆಯ ಸುತ್ತಮುತ್ತ ಬಣ್ಣವೇ ಇಲ್ಲದ್ದನ್ನು ಕಂಡು, ಮಳೆ ಗಾಳಿಯನ್ನು ತೊಳೆದುಬಿಟ್ಟಿದೆ ಎಂದು ಟಿಪ್ಪಣಿ ಬರೆದಿಟ್ಟುಕೊಂಡಿದ್ದೆ. ಮಳೆ ತೊಳೆದಿದ್ದರೂ ತೊಳೆದಿರಬಹುದು, ಆದರೆ ನಕ್ಷೆ ಹಾಗೆ ಹೇಳಿರಲಿಲ್ಲ. ಅಂದು ಮೋಡ ಕವಿದಿತ್ತು, ಉಪಗ್ರಹಕ್ಕೆ ಏನೂ ಕಂಡಿರಲಿಲ್ಲ, ಅಷ್ಟೇ. ಬಣ್ಣವನ್ನು ಓದುವ ಮುನ್ನ ಈ ನಕ್ಷೆ ಏನನ್ನು ಅಳೆದಿದೆ, ಯಾವ ಹೊತ್ತಿನಲ್ಲಿ ಅಳೆದಿದೆ, ಎಷ್ಟು ಅಗಲದ ಚೌಕಕ್ಕೆ ಒಂದು ಸಂಖ್ಯೆ ಕೊಟ್ಟಿದೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಮುಂದಿನ ಹಂತಗಳೆಲ್ಲ ಈ ಪ್ರಶ್ನೆಗಳನ್ನು ಹಿಡಿದೇ ಸಾಗುತ್ತವೆ.

ಮೊದಲ ಹಂತ: ಅಳತೆಯ ಮಾನವನ್ನು ತಿಳಿಯುವುದು

ಓಝೋನಿನ ನಕ್ಷೆಯಲ್ಲಿ ಕಾಣುವ ಸಂಖ್ಯೆ ಡಾಬ್ಸನ್ ಮಾನದಲ್ಲಿರುತ್ತದೆ. 1920ರ ದಶಕದಲ್ಲಿ ಆಕ್ಸ್‌ಫರ್ಡಿನಲ್ಲಿ ಜಿ.ಎಂ.ಬಿ. ಡಾಬ್ಸನ್ ಅವರು ಸೂರ್ಯನ ನೇರಳಾತೀತ ಬೆಳಕನ್ನು ಅಳೆದು ಓಝೋನಿನ ಲೆಕ್ಕ ಹಾಕುವ ಉಪಕರಣವನ್ನು ರೂಪಿಸಿದರು, ಅವರ ಹೆಸರೇ ಮಾನಕ್ಕೂ ನಿಂತಿತು. ನಮ್ಮ ತಲೆಯ ಮೇಲಿನ ಗಾಳಿಯ ಕಂಬದಲ್ಲಿ ಚದುರಿಕೊಂಡಿರುವ ಓಝೋನನ್ನೆಲ್ಲ ಒಟ್ಟುಗೂಡಿಸಿ, 0 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಸಮುದ್ರಮಟ್ಟದ ಒತ್ತಡದಲ್ಲಿ ನೆಲದ ಮೇಲೆ ಹಾಸಿದರೆ ಎಷ್ಟು ದಪ್ಪದ ಪದರವಾಗುತ್ತದೆಯೋ ಅದೇ ಈ ಅಳತೆ. 0.01 ಮಿಲಿಮೀಟರ್ ದಪ್ಪಕ್ಕೆ 1 ಡಾಬ್ಸನ್. 300 ಡಾಬ್ಸನ್ ಎಂದರೆ 3 ಮಿಲಿಮೀಟರ್, ಸುಮಾರು ಒಂದು ದೋಸೆಯ ದಪ್ಪ. ಈ ದೋಸೆಯ ಹತ್ತರಲ್ಲಿ ಒಂಬತ್ತು ಪಾಲು ವಾಯುಮಂಡಲದ ಮೇಲುಸ್ತರದಲ್ಲಿ, ಹೆಚ್ಚಾಗಿ 15ರಿಂದ 35 ಕಿಲೋಮೀಟರ್ ಎತ್ತರದಲ್ಲಿದೆ. ವಾಹನಗಳ ಹೊಗೆ ಬಿಸಿಲಿಗೆ ಸಿಕ್ಕಿ ನೆಲದ ಬಳಿ ಹುಟ್ಟುವ ಓಝೋನ್ ಶ್ವಾಸಕೋಶಕ್ಕೆ ಕೇಡು ಮಾಡುವ ಮಾಲಿನ್ಯ. ಒಟ್ಟು ಓಝೋನಿನ ನಕ್ಷೆಯಲ್ಲಿ ಅದೂ ಸೇರಿರುತ್ತದೆಯಾದರೂ ಅದರ ಪಾಲು ಸಣ್ಣದು. ಆದ್ದರಿಂದ ಸಿಲ್ಕ್ ಬೋರ್ಡ್ ವೃತ್ತದ ಗಾಳಿಯ ಬಗ್ಗೆ ಈ ನಕ್ಷೆಯನ್ನು ಕೇಳುವುದರಲ್ಲಿ ಅರ್ಥವಿಲ್ಲ.

ತೇಲುವ ಕಣಗಳಿಗೆ, ಅಂದರೆ ಏರೋಸಾಲ್‌ಗಳಿಗೆ, ಎರಡು ಅಳತೆಗಳು ಬಳಕೆಯಲ್ಲಿವೆ. ಒಂದು ಏರೋಸಾಲ್ ಆಪ್ಟಿಕಲ್ ಡೆಪ್ತ್, ಚಿಕ್ಕದಾಗಿ ಎಒಡಿ. ಸೂರ್ಯನ ನೇರ ಬೆಳಕಿನಲ್ಲಿ ಎಷ್ಟು ಪಾಲನ್ನು ಕಣಗಳು ತಡೆದವು ಎಂಬುದನ್ನು ಇದು ಹೇಳುತ್ತದೆ. ಸೂರ್ಯ ನೆತ್ತಿಯ ಮೇಲಿದ್ದಾಗ ಎಒಡಿ 0.1 ಇದ್ದರೆ ನೂರರಲ್ಲಿ ಸುಮಾರು 90 ಪಾಲು ನೇರ ಬೆಳಕು ಕಣಗಳನ್ನು ದಾಟಿ ಬರುತ್ತದೆ, 0.5 ಇದ್ದರೆ ಸುಮಾರು 61. 1 ಇದ್ದರೆ 37. 2 ಇದ್ದರೆ ಹದಿಮೂರು ಹದಿನಾಲ್ಕು ಮಾತ್ರ. 0.1 ಸ್ವಚ್ಛ ನೀಲಿ ಆಕಾಶ, 1 ದಾಟಿದರೆ ಸೂರ್ಯ ಮಂಕಾಗಿ ಕಾಣುವ ದಿನ ಎಂದು ನೆನಪಿಟ್ಟುಕೊಂಡರೆ ಸಾಕು. ಇನ್ನೊಂದು ನೇರಳಾತೀತ ಏರೋಸಾಲ್ ಸೂಚ್ಯಂಕ. ಬೆಳಕನ್ನು ಹೀರುವ ಹೊಗೆ ಮತ್ತು ಮರುಭೂಮಿಯ ದೂಳು ಇದ್ದಲ್ಲಿ ಇದು ಧನ ಸಂಖ್ಯೆಯಾಗುತ್ತದೆ, ಮೋಡದ ಮೇಲೆ ಸೊನ್ನೆಯ ಹತ್ತಿರ ನಿಲ್ಲುತ್ತದೆ. ಮೋಡದ ಮೇಲೆ ಹರಡಿದ ಹೊಗೆಯನ್ನೂ ಇದು ತೋರಿಸಬಲ್ಲದು. ಎಒಡಿಗೆ ಸಾಮಾನ್ಯವಾಗಿ ಆ ಶಕ್ತಿ ಇಲ್ಲ. ಆದರೆ ಸೂಚ್ಯಂಕ ಕಣಗಳ ತೂಕವಲ್ಲ: ಅದೇ ಹೊಗೆ ಎತ್ತರಕ್ಕೆ ಹೋದಷ್ಟೂ ಸೂಚ್ಯಂಕ ಹೆಚ್ಚುತ್ತದೆ.

ಎರಡನೆಯ ಹಂತ: ಯಾವ ಉಪಗ್ರಹ, ಯಾವ ಹೊತ್ತು

ನಕ್ಷೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿರುವ ಉಪಗ್ರಹದ ಹೆಸರನ್ನು ಮೊದಲು ಓದಿಕೊಳ್ಳಿ. ಓಝೋನ್ ಅಳೆಯುವವುಗಳಲ್ಲಿ 2004ರ ಜುಲೈನಲ್ಲಿ ಉಡಾಯಿಸಿದ ಔರಾ ಉಪಗ್ರಹದ ಓಎಂಐ, 2011ರ ಅಕ್ಟೋಬರಿನ ಸುವೋಮಿ ಎನ್‌ಪಿಪಿ ಹಾಗೂ ಅದರ ನಂತರದ ನೋವಾ-20, ನೋವಾ-21 ಉಪಗ್ರಹಗಳ ಓಎಂಪಿಎಸ್, 2017ರ ಅಕ್ಟೋಬರಿನ ಐರೋಪ್ಯ ಸೆಂಟಿನೆಲ್-5ಪಿಯ ಟ್ರೋಪೋಮಿ ಎಂಬ ಉಪಕರಣಗಳು ಮುಖ್ಯವಾದವು. ಈ ಉಪಗ್ರಹಗಳೆಲ್ಲವೂ ಧ್ರುವದಿಂದ ಧ್ರುವಕ್ಕೆ ಸುತ್ತುತ್ತ, ನಮ್ಮ ಮೇಲೆ ಮಧ್ಯಾಹ್ನ ಒಂದೂವರೆಯ ಆಸುಪಾಸಿನಲ್ಲಿ ಹಾಯುವಂತೆ ಕಕ್ಷೆ ಹಿಡಿದಂಥವು. ಕೆಲಸ ಮಾಡುವ ರೀತಿಯೂ ಹೆಚ್ಚುಕಡಿಮೆ ಒಂದೇ. 317 ನ್ಯಾನೋಮೀಟರಿನ ಸುತ್ತಲಿನ ನೇರಳಾತೀತ ಬೆಳಕನ್ನು ಓಝೋನ್ ಚೆನ್ನಾಗಿ ಹೀರುತ್ತದೆ, 331ರ ಸುತ್ತಲಿನದನ್ನು ಅಷ್ಟಾಗಿ ಹೀರುವುದಿಲ್ಲ; ಭೂಮಿಯಿಂದ ಚದುರಿ ಮೇಲಕ್ಕೆ ಮರಳುವ ಈ ಎರಡು ಬೆಳಕುಗಳ ಅನುಪಾತ ನೋಡಿದರೆ ನಡುವೆ ಎಷ್ಟು ಓಝೋನ್ ಇದೆ ಎಂದು ತಿಳಿಯುತ್ತದೆ. ಬಿಸಿಲಿಲ್ಲದೆ ಈ ಲೆಕ್ಕವಿಲ್ಲ. ಆದ್ದರಿಂದಲೇ ಜೂನ್, ಜುಲೈ ತಿಂಗಳ ನಕ್ಷೆಗಳಲ್ಲಿ ದಕ್ಷಿಣ ಧ್ರುವದ ಮೇಲೆ ಖಾಲಿ ವೃತ್ತವೊಂದು ಕಾಣುತ್ತದೆ. ಅದು ಧ್ರುವದ ದೀರ್ಘ ರಾತ್ರಿ, ಓಝೋನ್ ರಂಧ್ರವಲ್ಲ. ಇಸ್ರೊದ ಇನ್‌ಸ್ಯಾಟ್-3ಡಿ ಸರಣಿಯ ಸೌಂಡರ್ ಉಪಕರಣವು ಅವಗೆಂಪು ಕಿರಣಗಳಿಂದ ಓಝೋನನ್ನು ಅಂದಾಜು ಮಾಡುವುದರಿಂದ ಅದಕ್ಕೆ ರಾತ್ರಿಯ ಅಡ್ಡಿಯಿಲ್ಲ.

ಕಣಗಳಿಗೆ ಬಹುಕಾಲ ಆಧಾರವಾಗಿದ್ದದ್ದು ಮೋಡಿಸ್ ಎಂಬ ಉಪಕರಣ. 1999ರ ಡಿಸೆಂಬರಿನಲ್ಲಿ ಹೋದ ಟೆರಾದಲ್ಲೂ 2002ರ ಮೇ ತಿಂಗಳಲ್ಲಿ ಹೋದ ಆಕ್ವಾದಲ್ಲೂ ಇದೇ ಉಪಕರಣವಿದೆ. ಟೆರಾದ ಹೊತ್ತು ಬೆಳಿಗ್ಗೆ ಹತ್ತೂವರೆ, ಆಕ್ವಾದ್ದು ಮಧ್ಯಾಹ್ನ ಒಂದೂವರೆ. ಕಕ್ಷೆಯನ್ನು ಸರಿಪಡಿಸಿಕೊಳ್ಳುವ ಇಂಧನ ಮುಗಿಯುತ್ತ ಬಂದಿದ್ದರಿಂದ ಈಚಿನ ವರ್ಷಗಳಲ್ಲಿ ಇವೆರಡರ ಹೊತ್ತೂ ಸರಿದಿದೆ. ಇನ್ನೊಂದು ತೊಡಕು, ಮೋಡಿಸ್ ಒಂದು ಸಲಕ್ಕೆ ನೋಡುವ ಪಟ್ಟಿಯ ಅಗಲ 2,330 ಕಿಲೋಮೀಟರ್ ಆದ್ದರಿಂದ ಭೂಮಧ್ಯರೇಖೆಯ ಆಸುಪಾಸಿನ ನಮ್ಮಂಥ ಅಕ್ಷಾಂಶಗಳಲ್ಲಿ ಎರಡು ಪಟ್ಟಿಗಳ ನಡುವೆ ಸಂದಿ ಉಳಿಯುತ್ತದೆ, ಕೆಲವು ದಿನ ಬೆಂಗಳೂರು ಆ ಸಂದಿಯೊಳಗೇ ಬಿದ್ದಿರುತ್ತದೆ. ಸುವೋಮಿ ಎನ್‌ಪಿಪಿ ಮತ್ತು ನೋವಾ ಉಪಗ್ರಹಗಳಲ್ಲಿರುವ ವಿಯರ್ಸ್ ಉಪಕರಣದ ಪಟ್ಟಿ ಇನ್ನೂ ಅಗಲವಾಗಿರುವುದರಿಂದ ಅಂಥ ಸಂದಿ ಬಿಡುವುದಿಲ್ಲ. ಹೊಸದಾಗಿ ಆರಂಭಿಸುವವರು ವಿಯರ್ಸ್ ಹಿಡಿಯುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಮೂರನೆಯ ಹಂತ: ನಕ್ಷೆಯನ್ನು ತೆರೆಯುವುದು

ನಾಸಾದ ವರ್ಲ್ಡ್‌ವ್ಯೂ ಎಂಬ ನಕ್ಷೆಯ ತಾಣವನ್ನು ಬ್ರೌಸರಿನಲ್ಲಿ ಹುಡುಕಿ ತೆರೆಯಿರಿ. ಪದರಗಳನ್ನು ಸೇರಿಸುವ ಗುಂಡಿ ಒತ್ತಿ ಏರೋಸಾಲ್, ಓಝೋನ್ ಎಂದು ಹುಡುಕಿದರೆ ಪಟ್ಟಿ ಬರುತ್ತದೆ. ಏರೋಸಾಲ್ ಪದರವನ್ನು ಸೇರಿಸುವ ಮೊದಲು ಅದೇ ಉಪಗ್ರಹದ ನಿಜಬಣ್ಣದ ಚಿತ್ರವನ್ನು ಕೆಳಗೆ ಇಟ್ಟುಕೊಳ್ಳಿ. ಮೋಡ ಎಲ್ಲಿತ್ತು ಎಂದು ತಿಳಿಯುವುದು ಅದರಿಂದಲೇ. ಓಝೋನಿಗಾಗಿ ನಾಸಾದವರದೇ ಓಝೋನ್ ವಾಚ್ ಎಂಬ ಇನ್ನೊಂದು ತಾಣವಿದೆ, ಅಲ್ಲಿ 1979ರಿಂದ ಈಚಿನ ಧ್ರುವ ಪ್ರದೇಶದ ನಕ್ಷೆಗಳು ದಿನಾಂಕವಾರು ಸಿಗುತ್ತವೆ. ಇನ್‌ಸ್ಯಾಟ್ ದತ್ತಾಂಶಕ್ಕೆ ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದ ಮೋಸ್ಡ್ಯಾಕ್ ತಾಣದಲ್ಲಿ ನೋಂದಾಯಿಸಿಕೊಳ್ಳಬೇಕು.

ದಿನಾಂಕದ ವಿಷಯದಲ್ಲಿ ಎಚ್ಚರ ಬೇಕು. ಈ ತಾಣಗಳ ದಿನಾಂಕ ಗ್ರೀನಿಚ್ ಕಾಲಮಾನದ್ದು, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹಗಲಿನ ಚಿತ್ರಕ್ಕೆ ಇದರಿಂದ ತೊಂದರೆಯಿಲ್ಲ. ಆದರೆ ಕಾಡ್ಗಿಚ್ಚಿನ ಬಿಂದುಗಳನ್ನು ರಾತ್ರಿಯ ಹೊತ್ತಿನಲ್ಲಿ ನೋಡುವಾಗ, ನಮ್ಮ ಲೆಕ್ಕದಲ್ಲಿ 23ನೆಯ ತಾರೀಕಿನ ನಸುಕಿನ ಒಂದೂವರೆಗೆ ತೆಗೆದ ಚಿತ್ರ ಅಲ್ಲಿ 22ನೆಯ ತಾರೀಕಿನ ರಾತ್ರಿ ಎಂಟರ ಚಿತ್ರವಾಗಿ ದಾಖಲಾಗಿರುತ್ತದೆ. 2019ರ ಫೆಬ್ರವರಿಯ ಕೊನೆಯ ಭಾಗದಲ್ಲಿ ಬಂಡೀಪುರದ ಕಾಡಿಗೆ ಬೆಂಕಿ ಬಿದ್ದ ದಿನಗಳನ್ನು ಅಭ್ಯಾಸಕ್ಕೆ ಆರಿಸಿಕೊಳ್ಳಬಹುದು. 375 ಮೀಟರ್ ಚೌಕದಲ್ಲಿ ಬೆಂಕಿಯ ಬಿಸಿಯನ್ನು ಗುರುತಿಸುವ ವಿಯರ್ಸ್ ಪದರವನ್ನು ಹಾಕಿ, 21ರಿಂದ 25ರವರೆಗೆ ಒಂದೊಂದೇ ದಿನ ಸರಿಸುತ್ತ, ಹಗಲಿನ ಬಿಂದುಗಳನ್ನೂ ರಾತ್ರಿಯ ಬಿಂದುಗಳನ್ನೂ ಬೇರೆ ಬೇರೆ ಬರೆದುಕೊಂಡರೆ, ಬೆಂಕಿ ಯಾವ ದಿಕ್ಕಿಗೆ ಸರಿಯಿತು ಎಂಬುದನ್ನು ನೀವೇ ಗುರುತಿಸಬಹುದು. ದಿನಾಂಕವನ್ನು ನಮ್ಮ ಕಾಲಮಾನಕ್ಕೆ ಬದಲಿಸಿಕೊಳ್ಳದಿದ್ದರೆ ಬೆಂಕಿ ಒಂದು ದಿನ ಹಿಂದಕ್ಕೆ ನಡೆದಂತೆ ಕಾಣುತ್ತದೆ.

ನಾಲ್ಕನೆಯ ಹಂತ: ಓಝೋನ್ ಸಂಖ್ಯೆಯನ್ನು ಊರಿಗೆ ತಕ್ಕಂತೆ ತೂಗುವುದು

ಬೆಂಗಳೂರಿನ ಮೇಲೆ 260 ಡಾಬ್ಸನ್ ಎಂದು ಕಂಡರೆ ಗಾಬರಿ ಬೇಡ. ಉಷ್ಣವಲಯದಲ್ಲಿ ಅದು ವಾಡಿಕೆಯ ಮಟ್ಟ. ಓಝೋನ್ ಹೆಚ್ಚಾಗಿ ಹುಟ್ಟುವುದು ಬಿಸಿಲು ಹೆಚ್ಚಿರುವ ಉಷ್ಣವಲಯದ ಮೇಲೆಯೇ ಆದರೂ ಮೇಲುಸ್ತರದ ನಿಧಾನಗತಿಯ ಗಾಳಿ ಅದನ್ನು ಧ್ರುವಗಳ ಕಡೆಗೆ ಹೊತ್ತೊಯ್ಯುತ್ತದೆ; ಬೆಳೆದವನ ಕಣಜಕ್ಕಿಂತ ದೂರದವನ ಕಣಜ ತುಂಬಿದ ಹಾಗೆ. ಅದೇ 260 ಮಾರ್ಚ್ ತಿಂಗಳಲ್ಲಿ ಉತ್ತರ ಧ್ರುವದ ಬಳಿ ಕಂಡರೆ ದೊಡ್ಡ ಸುದ್ದಿ. 2020ರ ಮಾರ್ಚಿನಲ್ಲಿ ಅಲ್ಲಿ 205 ಡಾಬ್ಸನ್‌ವರೆಗೆ ಇಳಿದದ್ದು ವಿಜ್ಞಾನಿಗಳ ಗಮನ ಸೆಳೆದದ್ದು ಈ ಕಾರಣಕ್ಕೆ. ಹಾಗಾಗಿ ಒಂದು ದಿನದ ಸಂಖ್ಯೆಯನ್ನು ಅದೇ ಊರಿನ, ಅದೇ ತಿಂಗಳ, ಹಲವು ವರ್ಷಗಳ ಸಂಖ್ಯೆಗಳ ಜೊತೆ ಇಟ್ಟು ನೋಡಬೇಕು. ನಮ್ಮಲ್ಲಿ ಓಝೋನ್ ಪದರ ತೆಳುವಾಗಿರುವುದೂ ಸೂರ್ಯ ನೆತ್ತಿಗೆ ಬರುವುದೂ ಒಟ್ಟಾಗಿ, ಮಾರ್ಚ್ ಏಪ್ರಿಲ್ ಮಧ್ಯಾಹ್ನದ ನೇರಳಾತೀತ ಸೂಚ್ಯಂಕ (ಚರ್ಮ ಸುಡುವ ಬಿಸಿಲಿನ ಅಳತೆ, ಮೇಲೆ ಹೇಳಿದ ಏರೋಸಾಲ್ ಸೂಚ್ಯಂಕವಲ್ಲ) 10ನ್ನು ದಾಟುವುದು ಇಲ್ಲಿ ಸಾಮಾನ್ಯ.

ಓಝೋನ್ ರಂಧ್ರ ಎಂದು ಕರೆಯಬೇಕಾದರೆ 220 ಡಾಬ್ಸನ್‌ಗಿಂತ ಕೆಳಗಿರಬೇಕು ಎಂಬುದು ಒಪ್ಪಿತ ಗಡಿ. ಅಂಟಾರ್ಕ್ಟಿಕದ ಚಳಿಗಾಲದಲ್ಲಿ ಉಷ್ಣತೆ ಸೊನ್ನೆಗಿಂತ 78 ಡಿಗ್ರಿ ಕೆಳಗಿಳಿದಾಗ ಮೇಲುಸ್ತರದಲ್ಲಿ ವಿಶೇಷ ಮೋಡಗಳು ಕಟ್ಟುತ್ತವೆ. ಹಿಂದೆ ಫ್ರಿಜ್‌ಗಳಲ್ಲಿ ಬಳಸುತ್ತಿದ್ದ ಸಿಎಫ್‌ಸಿ ಅನಿಲಗಳಿಂದ ಬಂದ ಕ್ಲೋರಿನ್ ಆ ಮೋಡಗಳ ಮೇಲೆ ಚುರುಕಾಗಿ, ಆಗಸ್ಟ್ ಸೆಪ್ಟೆಂಬರಿನಲ್ಲಿ ಬಿಸಿಲು ಮರಳಿದೊಡನೆ ಓಝೋನನ್ನು ಒಡೆಯುತ್ತದೆ. ಓಝೋನ್ ವಾಚ್ ತಾಣದಲ್ಲಿ ಮೂರು ದಿನಗಳನ್ನು ಅಕ್ಕಪಕ್ಕ ತೆರೆದು ನೋಡಿ. 2000ದ ಸೆಪ್ಟೆಂಬರ್ 9ರಂದು ರಂಧ್ರದ ವಿಸ್ತೀರ್ಣ 2.99 ಕೋಟಿ ಚದರ ಕಿಲೋಮೀಟರ್, ಭಾರತದ ಸುಮಾರು ಒಂಬತ್ತು ಪಟ್ಟು. 2002ರ ಸೆಪ್ಟೆಂಬರ್ 24ರಂದು ಅದೇ ರಂಧ್ರ ಎರಡು ಹೋಳಾಗಿ ಕಾಣುತ್ತದೆ. 2019ರ ಸೆಪ್ಟೆಂಬರ್ ಕೊನೆಯಲ್ಲಿ ಅದು ತೀರ ಚಿಕ್ಕದು. 2002ರಲ್ಲೂ 2019ರಲ್ಲೂ ಮೇಲುಸ್ತರ ಹಠಾತ್ತನೆ ಬಿಸಿಯಾಗಿ ಆ ಮೋಡಗಳು ಕಟ್ಟಲು ಬೇಕಾದ ಚಳಿಯೇ ಕಡಿಮೆಯಾಯಿತು. ಒಂದು ವರ್ಷ ರಂಧ್ರ ಚಿಕ್ಕದಾದ ಮಾತ್ರಕ್ಕೆ ಇಂಥ ಅನಿಲಗಳ ಬಳಕೆಯನ್ನು ನಿಲ್ಲಿಸಲು ದೇಶಗಳು ಮಾಡಿಕೊಂಡ 1987ರ ಮಾಂಟ್ರಿಯಲ್ ಒಪ್ಪಂದ ಫಲಿಸಿಬಿಟ್ಟಿತು ಎಂದೂ, ಮರುವರ್ಷ ದೊಡ್ಡದಾದರೆ ಒಪ್ಪಂದ ಸೋತಿತು ಎಂದೂ ಬರೆಯುವವರು ಈ ಮೂರು ಚಿತ್ರಗಳನ್ನು ನೋಡಿದರೆ ಒಳಿತು. ಒಪ್ಪಂದ ಫಲಿಸುತ್ತಿರುವುದು ನಿಜ, ಆದರೆ ಅದು ದಶಕಗಳ ಗೆರೆಯಲ್ಲಿ ಕಾಣುವಂಥದ್ದು: ಅಂಟಾರ್ಕ್ಟಿಕದ ಓಝೋನ್ 1980ರ ಮಟ್ಟಕ್ಕೆ ಮರಳುವುದು 2066ರ ಸುಮಾರಿಗೆ ಎಂದು 2022ರ ಅಂತರರಾಷ್ಟ್ರೀಯ ಮೌಲ್ಯಮಾಪನ ಅಂದಾಜಿಸಿದೆ.

ವಿಚಿತ್ರವಾದ ಸಂಖ್ಯೆ ಕಂಡಾಗ ಅದನ್ನು ಎಸೆಯಬೇಡಿ, ಗುರುತು ಹಾಕಿಟ್ಟುಕೊಳ್ಳಿ. 1978ರಲ್ಲಿ ಉಡಾಯಿಸಿದ ನಿಂಬಸ್-7 ಉಪಗ್ರಹದ ಟಾಮ್ಸ್ ಉಪಕರಣ ಅಂಟಾರ್ಕ್ಟಿಕದ ಕುಸಿತವನ್ನು ಅಳೆದಿತ್ತು. 180 ಡಾಬ್ಸನ್‌ಗಿಂತ ಕೆಳಗಿನ ಅಳತೆಗಳಿಗೆ ಸಂಶಯದ ಗುರುತು ಬೀಳುವಂತೆ ತಂತ್ರಾಂಶವನ್ನು ಬರೆಯಲಾಗಿತ್ತು. ಅವುಗಳ ಪರಿಶೀಲನೆ ನಡೆಯುತ್ತಿದ್ದಂತೆಯೇ, 1985ರ ಮೇ ತಿಂಗಳಲ್ಲಿ ಜೋ ಫಾರ್ಮನ್, ಬ್ರಯನ್ ಗಾರ್ಡಿನರ್, ಜೊನಾಥನ್ ಶ್ಯಾಂಕ್ಲಿನ್ ಎಂಬ ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್ಟಿಕದ ಹ್ಯಾಲಿ ಬೇ ನೆಲೆಯ ಡಾಬ್ಸನ್ ಉಪಕರಣದ ಅಳತೆಗಳಿಂದ ವಿಷಯವನ್ನು ಪ್ರಕಟಿಸಿದರು. ಆ ಮೇಲೆ ಉಪಗ್ರಹದ ದತ್ತಾಂಶ ರಂಧ್ರವು ಒಂದು ಖಂಡದಷ್ಟು ಅಗಲವಿರುವುದನ್ನು ತೋರಿಸಿತು. ನೆಲದ ಉಪಕರಣ ಮೊದಲು ಹೇಳಿತು, ಆಕಾಶದ್ದು ವಿಸ್ತಾರವನ್ನು ಹೇಳಿತು. ನಮ್ಮ ದೇಶದಲ್ಲಿ ಈ ನೆಲದ ಅಳತೆಗೆ ಅಡಿಪಾಯ ಹಾಕಿದವರಲ್ಲಿ ಅನ್ನಾ ಮಣಿ ಒಬ್ಬರು. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ಸಂಶೋಧನೆ ನಡೆಸಿ, ನಂತರ ಭಾರತ ಹವಾಮಾನ ಇಲಾಖೆಗೆ ಸೇರಿದ ಅವರ ಮುಂದಾಳತ್ವದಲ್ಲಿ 1960ರ ದಶಕದಲ್ಲಿ ಬಲೂನಿಗೆ ಕಟ್ಟಿ ಮೇಲಕ್ಕೆ ಬಿಡುವ ಓಝೋನ್ ಅಳೆಯುವ ಉಪಕರಣ ಇಲ್ಲಿಯೇ ತಯಾರಾಯಿತು.

ಐದನೆಯ ಹಂತ: ಕಣಗಳ ನಕ್ಷೆಯಲ್ಲಿ ಖಾಲಿ ಜಾಗವನ್ನು ಓದುವುದು

ಎಒಡಿ ನಕ್ಷೆಯಲ್ಲಿ ಬಣ್ಣಕ್ಕಿಂತ ಮೊದಲು ಖಾಲಿ ಜಾಗಗಳಿಗೆ ಕಾರಣ ಹುಡುಕಬೇಕು. ಮೋಡ ಮೊದಲನೆಯ ಕಾರಣ; ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿ ಮತ್ತು ಮಲೆನಾಡಿನ ಮೇಲೆ ವಾರಗಟ್ಟಲೆ ಒಂದು ಸಂಖ್ಯೆಯೂ ಸಿಗದೆ ಹೋಗಬಹುದು, ಅಂಥ ತಿಂಗಳ ಸರಾಸರಿ ಎಂದು ಕೊಟ್ಟದ್ದು ಎರಡೋ ಮೂರೋ ದಿನಗಳ ಸರಾಸರಿಯಾಗಿರುತ್ತದೆ. ಅರಬ್ಬೀ ಸಮುದ್ರದ ಮೇಲೆ ಉದ್ದನೆಯ ಖಾಲಿ ಪಟ್ಟಿ ಕಂಡರೆ ಅದು ನೀರಿನ ಮೇಲೆ ಸೂರ್ಯ ಕನ್ನಡಿಯಂತೆ ಹೊಳೆದ ಜಾಗ. ಮರಳುಗಾಡು ಮತ್ತು ಬಿಳುಪಾದ ಒಣಭೂಮಿಯ ಮೇಲೆ ಕೆಲವು ಲೆಕ್ಕದ ವಿಧಾನಗಳು ಸೋಲುತ್ತವೆ: ಕಪ್ಪು ನೆಲಗಟ್ಟಿನ ಮೇಲೆ ರಂಗೋಲಿ ಪುಡಿ ಎದ್ದು ಕಾಣುತ್ತದೆ, ಸುಣ್ಣ ಬಳಿದ ಗೋಡೆಯ ಮೇಲೆ ಕಾಣುವುದಿಲ್ಲ. ಹಸಿರು ನೆಲಕ್ಕೆ ಡಾರ್ಕ್ ಟಾರ್ಗೆಟ್, ಬಿಳುಪಾದ ನೆಲಕ್ಕೆ ಡೀಪ್ ಬ್ಲೂ ಎಂಬ ಬೇರೆ ಬೇರೆ ವಿಧಾನಗಳಿರುವುದು ಇದಕ್ಕಾಗಿಯೇ. ಬಳ್ಳಾರಿ, ರಾಯಚೂರಿನ ಬೇಸಿಗೆಗೆ ಡೀಪ್ ಬ್ಲೂ ಪದರವನ್ನೂ ತೆರೆದು ಹೋಲಿಸಿ.

ಆನಂತರ ಸಂಖ್ಯೆಗೆ ಬನ್ನಿ. ನೆಲದ ಮೇಲೆ ಮೋಡಿಸ್‌ನ ಎಒಡಿಯಲ್ಲಿ 0.05 ಮತ್ತು ಅಳತೆಯ ನೂರಕ್ಕೆ 15 ಸೇರಿದಷ್ಟು ಹೆಚ್ಚುಕಡಿಮೆ ಇರಬಹುದೆಂದು ಅದನ್ನು ರೂಪಿಸಿದವರೇ ಹೇಳುತ್ತಾರೆ. 0.30 ಎಂದು ಬಂದರೆ 0.20ರಿಂದ 0.40ರೊಳಗೆ ಎಲ್ಲೋ ಇದೆ ಎಂದು ತಿಳಿಯಬೇಕು. ನಿನ್ನೆ 0.30, ಇಂದು 0.36 ಎಂಬುದು ಸುದ್ದಿಯಲ್ಲ. ದೀಪಾವಳಿಯ ಹಿಂದಿನ ದಿನ ಮತ್ತು ಮರುದಿನದ ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು ಪಟಾಕಿಯ ಪರಿಣಾಮ ಎಂದು ತೋರಿಸುವ ಚಿತ್ರಗಳಲ್ಲಿ ಬಹುಪಾಲು ಈ ಪರೀಕ್ಷೆಯಲ್ಲೇ ಬಿದ್ದುಹೋಗುತ್ತವೆ; ಪಟಾಕಿ ಸಿಡಿಯುವುದು ರಾತ್ರಿ, ಉಪಗ್ರಹ ಹಾಯುವುದು ಮರುದಿನ ಮಧ್ಯಾಹ್ನ ಎಂಬುದು ಬೇರೆ.

ಕಣಗಳ ಜಾತಿ ತಿಳಿಯಬೇಕಾದರೆ ಎರಡು ಅಳತೆಗಳನ್ನು ಜೋಡಿಸಿ ನೋಡಿ. ಎಒಡಿಯೂ ನೇರಳಾತೀತ ಏರೋಸಾಲ್ ಸೂಚ್ಯಂಕವೂ ಏರಿದ್ದರೆ ಹೊಗೆ ಅಥವಾ ಮರುಭೂಮಿಯ ದೂಳು. ಎಒಡಿ ಮಾತ್ರ ಏರಿದ್ದರೆ ಬೆಳಕನ್ನು ಹೀರದ ಸಲ್ಫೇಟ್, ಉಪ್ಪಿನ ಕಣಗಳು, ಇಲ್ಲವೆ ನೆಲಕ್ಕೆ ತೀರ ಹತ್ತಿರದ ಹೊಗೆ. ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವಿನವರೆಗೆ ಪಂಜಾಬಿನ ಮೇಲೆ ಬೆಂಕಿಯ ಬಿಂದುಗಳ ಪದರವನ್ನೂ ಎಒಡಿಯನ್ನೂ ಒಟ್ಟಿಗೆ ಹಾಕಿದರೆ, ಭತ್ತದ ಕೂಳೆ ಸುಟ್ಟ ಹೊಗೆ ಗಂಗೆಯ ಬಯಲಿನುದ್ದಕ್ಕೂ ಹರಡುವುದು ಕಣ್ಣಿಗೆ ಕಟ್ಟುತ್ತದೆ. ಏಪ್ರಿಲ್‌ನಿಂದ ಜೂನ್‌ವರೆಗೆ ಅರೇಬಿಯಾದ ಕಡೆಯಿಂದ ಸಮುದ್ರ ದಾಟಿ ಬರುವ ದೂಳನ್ನು ಸೂಚ್ಯಂಕದ ಪದರದಲ್ಲಿ ಹುಡುಕಿ.

ಆರನೆಯ ಹಂತ: ಚೌಕದ ಅಗಲ

ದಿನದ ಸರಾಸರಿ ಎಂದು ಸಿಗುವ ಮೋಡಿಸ್ ದತ್ತಾಂಶದ ಚೌಕ ಒಂದು ಡಿಗ್ರಿ ಅಗಲದ್ದು, ಅಂದರೆ ಸುಮಾರು 110 ಕಿಲೋಮೀಟರ್. 12ರಿಂದ 13 ಡಿಗ್ರಿ ಉತ್ತರ, 77ರಿಂದ 78 ಡಿಗ್ರಿ ಪೂರ್ವದ ಚೌಕವನ್ನು ತೆಗೆದುಕೊಳ್ಳಿ. ಕಬ್ಬನ್ ಪಾರ್ಕ್, ರಾಮನಗರದ ಬಂಡೆಗಳು, ಕನಕಪುರದ ರೇಷ್ಮೆ ಬೆಳೆಯುವ ಹಳ್ಳಿಗಳು, ಹೊಸೂರಿನ ಕಾರ್ಖಾನೆಗಳು ಎಲ್ಲವೂ ಅದೊಂದೇ ಸಂಖ್ಯೆಯೊಳಗೆ ಕುಳಿತಿವೆ. ಯಲಹಂಕ ಮಾತ್ರ ಮೇಲಿನ ಚೌಕಕ್ಕೆ ಸೇರಿದೆ. ಅದನ್ನು ಬೆಂಗಳೂರಿನ ಎಒಡಿ ಎಂದು ಕರೆಯುವುದು ಸರಿಯಲ್ಲ. ಊರಿನ ಮಟ್ಟದಲ್ಲಿ ನೋಡುವವರು 10 ಕಿಲೋಮೀಟರಿನ ಪದರವನ್ನಾದರೂ, ಸಾಧ್ಯವಿದ್ದರೆ 3 ಅಥವಾ 1 ಕಿಲೋಮೀಟರಿನದನ್ನಾದರೂ ಹಿಡಿಯಬೇಕು. ನಿಮ್ಮ ಊರು ಉಪಗ್ರಹದ ಪಟ್ಟಿಯ ಅಂಚಿನಲ್ಲಿ ಬಿದ್ದ ದಿನ ಚೌಕ ಹಲವು ಪಟ್ಟು ಹಿಗ್ಗಿರುತ್ತದೆ, ಆ ದಿನವನ್ನು ಬಿಟ್ಟುಬಿಡಿ.

ಏಳನೆಯ ಹಂತ: ನೆಲಕ್ಕೆ ತಂದು ತಾಳೆ ನೋಡುವುದು

ನಾವು ಉಸಿರಾಡುವ ಗಾಳಿಯಲ್ಲಿ 2.5 ಮೈಕ್ರೋಮೀಟರ್ ಮತ್ತು ಅದಕ್ಕಿಂತ ಸಣ್ಣ ಕಣಗಳ ತೂಕಕ್ಕೆ ಪಿಎಂ 2.5 ಎನ್ನುತ್ತಾರೆ. ಎಒಡಿಯನ್ನು ಯಾವುದೋ ಒಂದು ಸಂಖ್ಯೆಯಿಂದ ಗುಣಿಸಿ ಪಿಎಂ 2.5 ಎಂದು ಹೇಳುವ ಅಡ್ಡದಾರಿ ಇಲ್ಲ. ಚಳಿಗಾಲದ ಬೆಳಿಗ್ಗೆ ಏಳು ಗಂಟೆಗೆ ಹೊಗೆಯೆಲ್ಲ ಕೆಲವು ನೂರು ಮೀಟರ್ ಎತ್ತರದೊಳಗೆ ಸಿಕ್ಕಿಕೊಂಡಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ನೆಲ ಕಾದು ಅದೇ ಹೊಗೆ ಒಂದೆರಡು ಕಿಲೋಮೀಟರ್ ಎತ್ತರದವರೆಗೆ ಕಲಸಿಹೋಗುತ್ತದೆ. ಕಂಬದ ಒಟ್ಟು ಲೆಕ್ಕ ಹೆಚ್ಚು ಬದಲಾಗಿರುವುದಿಲ್ಲ, ಮೂಗಿನ ಮಟ್ಟದ ಲೆಕ್ಕ ಪೂರಾ ಬದಲಾಗಿರುತ್ತದೆ. ಮೇಲಾಗಿ ತೇವ ಹೆಚ್ಚಿದ್ದ ದಿನ ಕಣಗಳು ನೀರು ಕುಡಿದು ಉಬ್ಬಿ ಹೆಚ್ಚು ಬೆಳಕು ಚದುರಿಸುತ್ತವೆ, ನೆಲದ ಉಪಕರಣ ಮಾತ್ರ ಒಣಗಿದ ಕಣದ ತೂಕವನ್ನು ಹೇಳುತ್ತದೆ.

ಆದ್ದರಿಂದ ಒಂದು ನೋಟ್‌ಬುಕ್ ಇಡಿ. ದಿನಾಂಕ, ಉಪಗ್ರಹದ ಹೆಸರು, ಹಾದುಹೋದ ಹೊತ್ತು, ಪದರದ ಹೆಸರು, ಎಒಡಿ, ಸೂಚ್ಯಂಕ, ಮೋಡವಿತ್ತೇ ಇಲ್ಲವೇ. ಜೊತೆಗೆ ಹತ್ತಿರದ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರದ ಅದೇ ಗಂಟೆಯ ಪಿಎಂ 2.5. ದಿನದ ಸರಾಸರಿಗೆ ನಮ್ಮ ದೇಶದ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 15. ಕೊನೆಯ ಕಾಲಮ್ಮಿನಲ್ಲಿ ನಿಮ್ಮ ಕಣ್ಣಿನ ಅಳತೆಯನ್ನೂ ಬರೆಯಿರಿ. ತಾರಸಿಯಿಂದ ಕಾಣುವ ಎರಡು ಮೂರು ಗುರುತುಗಳನ್ನು ಆರಿಸಿಕೊಂಡು, ಉದಾಹರಣೆಗೆ ಮೈಸೂರಿನವರಾದರೆ ಹತ್ತಿರದ ನೀರಿನ ಟ್ಯಾಂಕ್ ಮತ್ತು ದೂರದ ಚಾಮುಂಡಿ ಬೆಟ್ಟವನ್ನು ಇಟ್ಟುಕೊಂಡು, ಉಪಗ್ರಹ ಹಾಯುವ ಹೊತ್ತಿನಲ್ಲಿ ಬೆಟ್ಟದ ಅಂಚು ಚೂಪಾಗಿ ಕಂಡಿತೇ, ಮಸುಕಾಗಿ ಕಂಡಿತೇ, ಕಾಣಲೇ ಇಲ್ಲವೇ ಎಂದು ದಾಖಲಿಸಿ. ಎಒಡಿ ಹೆಚ್ಚಿದ್ದೂ ಬೆಟ್ಟ ಚೆನ್ನಾಗಿ ಕಂಡ ದಿನ ದೂಳು ಅಥವಾ ಹೊಗೆ ಎತ್ತರದಲ್ಲಿ ಹಾದುಹೋಗಿರುವ ಸಾಧ್ಯತೆ ಹೆಚ್ಚು. ಎಒಡಿ ಕಡಿಮೆಯಿದ್ದೂ ಪಿಎಂ 2.5 ಏರಿದ್ದರೆ ಮಾಪನ ಕೇಂದ್ರದ ಪಕ್ಕದಲ್ಲೇ ಯಾರೋ ಕಸ ಸುಡುತ್ತಿರಬಹುದು, ಅಥವಾ ಎರಡು ಅಳತೆಗಳ ಗಂಟೆ ಬೇರೆಯಾಗಿರಬಹುದು. ನಿಖರವಾದ ಹೋಲಿಕೆ ಬೇಕಾದವರು ನೆಲದ ಮೇಲಿನ ಉಪಕರಣಗಳಿಂದ ಸೂರ್ಯನನ್ನು ನೇರವಾಗಿ ನೋಡಿ ಎಒಡಿ ಅಳೆಯುವ ಏರೋನೆಟ್ ಜಾಲದ ದತ್ತಾಂಶವನ್ನು ತೆರೆಯಬಹುದು. ಐಐಟಿ ಕಾನ್ಪುರದ ಕೇಂದ್ರದಲ್ಲಿ 2001ರಿಂದ ಅಳತೆಗಳಿವೆ.

ಪುಟದ ಮೇಲ್ಭಾಗದಲ್ಲಿ ದತ್ತಾಂಶದ ಆವೃತ್ತಿ ಸಂಖ್ಯೆಯನ್ನು ಬರೆದಿಡುವುದನ್ನು ಮರೆಯಬೇಡಿ. ಲೆಕ್ಕದ ವಿಧಾನ ಸುಧಾರಿಸಿದಾಗಲೆಲ್ಲ ಹಳೆಯ ವರ್ಷಗಳ ಸಂಖ್ಯೆಗಳನ್ನೂ ಮರಳಿ ಲೆಕ್ಕ ಹಾಕಿ ಹೊಸ ಆವೃತ್ತಿಯಾಗಿ ಕೊಡುತ್ತಾರೆ. ಹಳೆಯ ಆವೃತ್ತಿಯ 2015ನ್ನು ಹೊಸ ಆವೃತ್ತಿಯ 2024ರ ಜೊತೆ, ಅಥವಾ ಆಕ್ವಾದ ಒಂದು ವರ್ಷವನ್ನು ನೋವಾ-20ರ ಮರುವರ್ಷದ ಜೊತೆ ಗೆರೆ ಎಳೆದು ಜೋಡಿಸಿದರೆ, ಆ ಗೆರೆಯ ಏರಿಳಿತ ಗಾಳಿಯದೋ ಉಪಕರಣದ್ದೋ ಎಂದು ಹೇಳಲು ಬರುವುದಿಲ್ಲ. ಎರಡೂ ಉಪಗ್ರಹಗಳು ಅಳೆದ ಕೆಲವು ತಿಂಗಳುಗಳನ್ನು ಒಟ್ಟಿಗೆ ದಾಖಲಿಸಿ ವ್ಯತ್ಯಾಸ ಎಷ್ಟೆಂದು ತಿಳಿದುಕೊಂಡ ಮೇಲೆಯೇ ಹಳೆಯದರ ಕಾಲಮ್ಮನ್ನು ಮುಚ್ಚಿ.